ನೋಡಿ ಮುಗಿಸಿದ ಆಟ

'ದಟ್ ಡ್ರ್ಯಾಗನ್, ಕ್ಯಾನ್ಸರ್' ಎಂಬ ವಿಡಿಯೋ ಗೇಮನ್ನು ನಾನು ಮೊದಲ ಸಲ ಆಡಲಿಲ್ಲ, ನೋಡಿದೆ. ಯೂಟ್ಯೂಬಿನಲ್ಲಿ ಯಾರೋ ಒಬ್ಬ ಯುವಕ ಅದನ್ನು ಆಡುತ್ತಿದ್ದ. ತೆರೆಯ ಮೂಲೆಯ ಪುಟ್ಟ ಚೌಕದಲ್ಲಿ ಅವನ ಮುಖ, ಉಳಿದಷ್ಟೂ ಜಾಗದಲ್ಲಿ ಆಟ. ಸುಮಾರು ಎರಡು ಗಂಟೆಯಲ್ಲಿ ಎಲ್ಲ ಮುಗಿಯಿತು. ಅವನು ಕಣ್ಣೊರೆಸಿಕೊಂಡ, ನನ್ನ ಕಣ್ಣೂ ತುಂಬಿತ್ತು. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಆಟಕ್ಕಾಗಿ ನಾನು ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ನಡುನಡುವೆ ಬಂದ ಜಾಹೀರಾತುಗಳ ಹಣವನ್ನು ಆ ಯುವಕನೂ ಯೂಟ್ಯೂಬೂ ಹಂಚಿಕೊಂಡಿರಬೇಕು. ಮಗನನ್ನು ಕಳೆದುಕೊಂಡು ಈ ಆಟವನ್ನು ಕಟ್ಟಿದ ತಂದೆತಾಯಿಗೆ ನನ್ನ ಎರಡು ಗಂಟೆಯಿಂದ ಏನು ಸೇರಿತು ಎಂಬ ಪ್ರಶ್ನೆ ಆಗ ಹೊಳೆಯಲೇ ಇಲ್ಲ. ಹೊಳೆದದ್ದು ಎಷ್ಟೋ ದಿನಗಳ ಮೇಲೆ, ಆ ತಂದೆ ಬರೆದದ್ದನ್ನು ಓದಿದಾಗ.

ಗೇಮುಗಳ ಪರಿಚಯವಿಲ್ಲದವರಿಗಾಗಿ ಒಂದು ಮಾತು. ಆಟವನ್ನು ಆಡುತ್ತಾ, ಆಡುತ್ತಿರುವುದನ್ನು ಚಿತ್ರೀಕರಿಸುತ್ತಾ, ಜೊತೆಜೊತೆಗೇ ಹರಟುತ್ತಾ, ಬೆಚ್ಚುತ್ತಾ, ಬೈಯುತ್ತಾ ಮಾಡುವ ವಿಡಿಯೋಗಳಿಗೆ 'ಲೆಟ್ಸ್ ಪ್ಲೇ' ಎನ್ನುತ್ತಾರೆ. ಶುರುವಿನಲ್ಲಿ ಇದು ವಿಡಿಯೋ ಆಗಿರಲಿಲ್ಲ, ಬರವಣಿಗೆಯಾಗಿತ್ತು. 2000ದ ದಶಕದ ನಡುಭಾಗದಲ್ಲಿ 'ಸಮ್‌ಥಿಂಗ್ ಆಫುಲ್' ಎಂಬ ತಾಣದಲ್ಲಿ ಕೆಲವರು ಆಟದ ಚಿತ್ರಗಳನ್ನು ಒಂದರ ಕೆಳಗೊಂದು ಅಂಟಿಸಿ ನಡುನಡುವೆ ತಮ್ಮ ಮಾತು ಸೇರಿಸುತ್ತಿದ್ದರು. ಮೇಲೆ ಮೂಲ, ಕೆಳಗೆ ಟಿಪ್ಪಣಿ. ನಮ್ಮ ಹಳೆಯ ಟೀಕಾಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತಿರಲಿಲ್ಲ. ಆಮೇಲೆ ಯೂಟ್ಯೂಬ್ ಬೆಳೆಯಿತು, ಜಾಹೀರಾತು ಬಂತು, ಟಿಪ್ಪಣಿ ಬರೆಯುವುದು ಜೀವನೋಪಾಯವಾಯಿತು. ನನ್ನ ಅಕ್ಕನ ಮಗ ಆಡುವುದಕ್ಕಿಂತ ಹೆಚ್ಚು ಹೊತ್ತು ಇನ್ನೊಬ್ಬರು ಆಡುವುದನ್ನು ನೋಡುತ್ತಾನೆ. ಯಾಕೋ ಎಂದು ಕೇಳಿದರೆ, "ಆಡೋದು ಕಷ್ಟ ಮಾಮ, ನೋಡೋದು ಮಜಾ" ಎಂದ. ಈ ಉತ್ತರವನ್ನು ನಕ್ಕು ಮರೆತಿದ್ದೆ. ಇದೇ ಇಡೀ ಜಗಳದ ಬೇರು ಎಂದು ಈಗ ಅನ್ನಿಸುತ್ತದೆ.

ಆಟದ ಹಿಂದಿನ ಕತೆ ಹೀಗೆ. ಅಮೆರಿಕದ ಕೊಲರಾಡೊ ರಾಜ್ಯದ ರಯಾನ್ ಗ್ರೀನ್ ಮತ್ತು ಏಮಿ ಗ್ರೀನ್ ಅವರ ಮಗ ಜೋಯಲ್. ವರ್ಷ ತುಂಬುವ ಹೊತ್ತಿಗೆ ಮಗುವಿಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. ಹೆಚ್ಚು ದಿನ ಉಳಿಯಲಾರದು ಎಂದುಕೊಂಡಿದ್ದ ಮಗು ವರ್ಷಗಟ್ಟಲೆ ಬದುಕಿ, 2014ರ ಮಾರ್ಚ್‌ನಲ್ಲಿ, ಐದನೆಯ ವಯಸ್ಸಿನಲ್ಲಿ ತೀರಿಕೊಂಡಿತು. ತಂದೆ ಈ ಆಟವನ್ನು ಕಟ್ಟಲು ತೊಡಗಿದಾಗ ಮಗ ಇನ್ನೂ ಇದ್ದ. ಬಿಡುಗಡೆಯಾದದ್ದು 2016ರ ಜನವರಿ 12ರಂದು. ಇದ್ದಿದ್ದರೆ ಜೋಯಲ್‌ಗೆ ಅಂದು ಏಳು ತುಂಬುತ್ತಿತ್ತು. ಕಿಕ್‌ಸ್ಟಾರ್ಟರ್ ಮೂಲಕ ಜನ ಒಂದು ಲಕ್ಷ ಡಾಲರಿಗೂ ಮಿಕ್ಕಿ ಹಣ ಕೊಟ್ಟಿದ್ದರು, ಸಾಲವೂ ಸಾಕಷ್ಟಾಗಿತ್ತು.

ಇಂಥ ವಸ್ತುವನ್ನು ಆಟವಾಗಿಸುವುದು ಎಂದರೇನು ಎಂದು ಮೊದಲಿಗೆ ನನಗೂ ಇರುಸುಮುರುಸಾಗಿತ್ತು. ಮಗನನ್ನು ಕಳೆದುಕೊಂಡ ತಂದೆಯ ಶೋಕ ಕಾವ್ಯವಾಗುವುದು ಬೇಂದ್ರೆಯವರನ್ನು ಓದಿದ ನಮಗೆ ಹೊಸದಲ್ಲ. ಆದರೆ ಪದ್ಯ ಕೇಳುವುದು ಓದುಗನ ಕಿವಿಯನ್ನು, ಮನಸ್ಸನ್ನು. ಈ ಆಟ ಕೈಯನ್ನು ಕೇಳುತ್ತದೆ. ಶುರುವಿನಲ್ಲಿ ನೀವೊಂದು ಬಾತುಕೋಳಿ. ಕೊಳದ ದಂಡೆಯಲ್ಲಿ ನಿಂತ ಮಗು ಎಸೆಯುವ ಬ್ರೆಡ್ಡಿನ ತುಣುಕುಗಳತ್ತ ಈಜಬೇಕು. ಇನ್ನೊಂದೆಡೆ ಆಸ್ಪತ್ರೆಯ ಉದ್ದನೆಯ ಹಾದಿಗಳಲ್ಲಿ ಆಟಿಕೆ ಗಾಡಿಯ ಓಟ. ಮತ್ತೊಂದೆಡೆ ಹಳೆಯ ಕಾಲದ ಆಟಗಳ ಶೈಲಿಯಲ್ಲಿ ಪುಟ್ಟ ಯೋಧನೊಬ್ಬ ಡ್ರ್ಯಾಗನ್ ಜೊತೆ ಹೋರಾಡುತ್ತಾನೆ. ಪಾತ್ರಗಳ ಮುಖದಲ್ಲಿ ಕಣ್ಣು ಬಾಯಿಗಳ ಗೆರೆಯಿಲ್ಲ, ದನಿಗಳು ಮಾತ್ರ ಆ ಮನೆಯವರದೇ. ಏಮಿಯ ದನಿ, ರಯಾನನ ದನಿ, ಮಗುವಿನ ನಗು. ಮುಖ ಕಳೆದುಹೋಗಿ ಸದ್ದು ಉಳಿಯುವುದು ನೆನಪಿನ ಕ್ರಮವೂ ಹೌದಲ್ಲ!

ಆಟದ ನಡುವಣ ಒಂದು ದೃಶ್ಯವನ್ನು ಇಲ್ಲಿ ಹೇಳಲೇಬೇಕು. ಆಸ್ಪತ್ರೆಯ ಕೋಣೆ, ರಾತ್ರಿ, ತಂದೆ ಮತ್ತು ಮಗು ಇಬ್ಬರೇ. ಮಗುವಿನ ಮೈಯಲ್ಲಿ ನೀರಿನಂಶ ಆರಿದೆ, ಕುಡಿದದ್ದು ನಿಲ್ಲುತ್ತಿಲ್ಲ, ಅಳು ನಿಲ್ಲುತ್ತಿಲ್ಲ. ಮೌಸ್ ನಿಮ್ಮ ಕೈಯಲ್ಲಿದೆ. ಕೋಣೆಯಲ್ಲಿ ಅಲ್ಲಿ ಒತ್ತುತ್ತೀರಿ, ಇಲ್ಲಿ ಒತ್ತುತ್ತೀರಿ. ಜ್ಯೂಸ್ ಕೊಡುತ್ತೀರಿ, ಎತ್ತಿಕೊಂಡು ತೂಗುತ್ತೀರಿ. ಯಾವುದರಿಂದಲೂ ಏನೂ ಆಗುವುದಿಲ್ಲ. ಗೇಮ್ ಎಂದರೆ ಒತ್ತಿದರೆ ಏನಾದರೂ ಆಗಬೇಕಾದದ್ದು ಎಂಬ ನಮ್ಮ ಅಭ್ಯಾಸವನ್ನೇ ಇಲ್ಲಿ ತಿರುಗಿಸಿ ನಮಗೆ ಚುಚ್ಚಲಾಗಿದೆ. ಈ ದೃಶ್ಯದ ಅರ್ಥ ಮಾತಿನಲ್ಲಿಲ್ಲ, ವ್ಯರ್ಥವಾದ ಆ ಒತ್ತುವಿಕೆಯಲ್ಲಿದೆ.

2016ರ ಮಾರ್ಚ್‌ನಲ್ಲಿ, ಆಟ ಬಂದು ಎರಡು ತಿಂಗಳು ಕಳೆದ ಮೇಲೆ, ರಯಾನ್ ಗ್ರೀನ್ 'ಲೆಟ್ಸ್ ಪ್ಲೇ'ಗಳ ಬಗ್ಗೆ ಬರೆದರು. ಲಕ್ಷಾಂತರ ಜನ ಆಟವನ್ನು ವಿಡಿಯೋಗಳಲ್ಲಿ ನೋಡಿದ್ದಾರೆ, ಆದರೆ ಮಾರಾಟದಿಂದ ಬಂದದ್ದೆಲ್ಲ ಸಾಲಕ್ಕೇ ಹೋಗಿ ನಮ್ಮ ಕೈಗೆ ಇನ್ನೂ ಒಂದು ಡಾಲರೂ ಬಂದಿಲ್ಲ ಎಂಬುದು ಅವರ ಅಳಲು. ಬೈಗುಳವಿರಲಿಲ್ಲ. ಈ ವಿಡಿಯೋಗಳನ್ನು ಮಾಡುವವರ ಬಗ್ಗೆ ಗೌರವದಿಂದಲೇ ಬರೆದಿದ್ದರು. ತಮ್ಮ ಆಟವನ್ನು ನೆಪವಾಗಿಟ್ಟುಕೊಂಡು ತಮ್ಮ ಮನೆಯ ಸಾವುನೋವುಗಳ ಬಗ್ಗೆ ಮಾತನಾಡಿದವರನ್ನು ಮೆಚ್ಚಿದ್ದರು. ಅವರು ಕೇಳಿದ್ದು ಇಷ್ಟೇ. ಪೂರ್ತಿ ಆಟವನ್ನು ಮಾತಿಲ್ಲದೆ ಎತ್ತಿ ಹಾಕಬೇಡಿ, ತುಣುಕುಗಳನ್ನು ಬಳಸಿ, ನಿಮ್ಮ ಮಾತು ಸೇರಿಸಿ. ನೋಡಿ ಮನಸ್ಸು ತುಂಬಿದವರು ಒಂದಿಷ್ಟು ಕಾಣಿಕೆ ಕೊಡಿ. ಚಿಕ್ಕದಾದ, ಒಂದೇ ಜಾಡಿನಲ್ಲಿ ಸಾಗುವ ತಮ್ಮಂಥ ಆಟವನ್ನು ನೋಡಿದವರಿಗೆ ಆಮೇಲೆ ಆಡಬೇಕೆಂಬ ಆಸೆ ಉಳಿಯುವುದಿಲ್ಲ ಎಂಬುದನ್ನು ತಾವು ಊಹಿಸಿರಲಿಲ್ಲ ಎಂದೂ ಒಪ್ಪಿಕೊಂಡರು. ಅಷ್ಟರೊಳಗೆ ಆಟದ ಸಂಗೀತ ಯೂಟ್ಯೂಬಿನ 'ಕಂಟೆಂಟ್ ಐಡಿ' ವ್ಯವಸ್ಥೆಯಲ್ಲಿ ನೋಂದಣಿಯಾಗಿ, ಕೆಲವು ವಿಡಿಯೋಗಳ ಮೇಲೆ ಹಕ್ಕು ಸಾಧಿಸಿದ್ದೂ ಜಗಳಕ್ಕೆ ಕಾರಣವಾಗಿತ್ತು. ಈ ವ್ಯವಸ್ಥೆಯಲ್ಲಿ ಹಕ್ಕುದಾರರು ವಿಡಿಯೋವನ್ನು ತಡೆಯಬಹುದು, ಇಲ್ಲವೇ ಅದರ ಜಾಹೀರಾತಿನ ಹಣವನ್ನು ತಮ್ಮತ್ತ ತಿರುಗಿಸಿಕೊಳ್ಳಬಹುದು. ತೀರ್ಪು ಕೊಡುವುದು ಮೊದಲಿಗೆ ಯಂತ್ರ.

ಇಂಥ ಅಳಲಿಗೆ ಸಿದ್ಧ ಉತ್ತರವೊಂದಿದೆ: ವಿಡಿಯೋ ಎಂದರೆ ಪುಕ್ಕಟೆ ಪ್ರಚಾರ. ಸುಳ್ಳೇನಲ್ಲ. 'ಮೈನ್‌ಕ್ರಾಫ್ಟ್' ಬೆಳೆದದ್ದರಲ್ಲಿ ಅದನ್ನು ಆಡಿ ತೋರಿಸಿದವರ ಪಾಲು ದೊಡ್ಡದು. 2014ರ 'ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್' ಒಬ್ಬನೇ ಮನುಷ್ಯ ಮಾಡಿದ ಪುಟ್ಟ ಭಯಾನಕ ಆಟ. ಯೂಟ್ಯೂಬರುಗಳು ಕಿರುಚಿದ್ದರಿಂದಲೇ ಅದು ಮನೆಮಾತಾಯಿತು. 'ಅಮಾಂಗ್ ಅಸ್' 2018ರಲ್ಲಿ ಬಂದಾಗ ಕೇಳುವವರಿರಲಿಲ್ಲ. 2020ರಲ್ಲಿ, ಎಲ್ಲರೂ ಮನೆಯಲ್ಲಿ ಕೂತಿದ್ದಾಗ, ಆಡುತ್ತಾ ನೇರಪ್ರಸಾರ ಮಾಡುವವರ ಕೈಗೆ ಸಿಕ್ಕು ಜಗತ್ತನ್ನೇ ಸುತ್ತಿತು. ಆದರೆ ಈ ಮೂರರಲ್ಲೂ ನೋಡುವುದು ಆಡುವುದಕ್ಕೆ ಹಸಿವು ಹುಟ್ಟಿಸುತ್ತದೆ. ಒಬ್ಬ ಕಟ್ಟಿದ ಮೈನ್‌ಕ್ರಾಫ್ಟ್ ಮನೆಯನ್ನು ನೋಡಿದರೆ ನನ್ನ ಮನೆ ಕಟ್ಟಿದಂತಾಗುವುದಿಲ್ಲ. ಕತೆಯೇ ಜೀವಾಳವಾದ ಆಟದಲ್ಲಿ ನೋಡುವುದು ಹಸಿವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ತಣಿಸುತ್ತದೆ. ಹಾಗಾಗಿ ಒಂದೇ ಬಗೆಯ ವಿಡಿಯೋ ಒಂದು ಆಟಕ್ಕೆ ಗೊಬ್ಬರ, ಇನ್ನೊಂದಕ್ಕೆ ಗೆದ್ದಲು. ಸಾಹಿತ್ಯಕ್ಕೆ ಹತ್ತಿರವಾದಷ್ಟೂ ಆಟಕ್ಕೆ ಪೆಟ್ಟು ಹೆಚ್ಚು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮನ್ನು ಕೊಂಚ ಚುಚ್ಚಬೇಕಾದ ಸಂಗತಿ.

"ನೋಡಿಯೇ ಮುಗಿಸಬಹುದಾದರೆ ತಪ್ಪು ಆಟದ್ದೇ" ಎನ್ನುವವರೂ ಇದ್ದಾರೆ. ಕೇಳಲು ವಿಮರ್ಶೆಯಂತೆಯೇ ಇದೆ. ಆಯ್ಕೆಗಳಿಲ್ಲದ ಆಟ ಆಟವೇ ಅಲ್ಲ ಎಂಬ ಒಂದು ಕಾವ್ಯಮೀಮಾಂಸೆ ಇದರ ಹಿಂದಿದೆ. ನನಗೆ ಇದು ಒಪ್ಪಿತವಲ್ಲ. ಆ ಆಸ್ಪತ್ರೆಯ ಕೋಣೆಯಲ್ಲಿ ಮಗುವನ್ನು ಸಮಾಧಾನಪಡಿಸುವ ದಾರಿಯೊಂದನ್ನು ಇಟ್ಟಿದ್ದರೆ ಆಟ 'ಉತ್ತಮ ಗೇಮ್' ಆಗುತ್ತಿತ್ತು, ಕೃತಿ ಸುಳ್ಳಾಗುತ್ತಿತ್ತು. ಆಯ್ಕೆಯಿಲ್ಲದಿರುವುದೇ ಇಲ್ಲಿನ ವಸ್ತು. ಗ್ರೀನ್ ಅವರ ಕಲೆಗೆ ಬಲವಾದದ್ದೇ ಅವರ ವ್ಯಾಪಾರಕ್ಕೆ ದೌರ್ಬಲ್ಯವಾಯಿತು.

ಆಡುವವನು ಯಾರು ಎಂಬ ಪ್ರಶ್ನೆಯನ್ನು ನ್ಯಾಯಾಲಯಗಳು ಯೂಟ್ಯೂಬಿಗೂ ಎಷ್ಟೋ ಮೊದಲೇ ಎದುರಿಸಿದ್ದವು. 1983ರಲ್ಲಿ ಅಮೆರಿಕದ ಏಳನೇ ಸರ್ಕಿಟ್ ನ್ಯಾಯಾಲಯದ ಮುಂದೆ 'ಪ್ಯಾಕ್-ಮ್ಯಾನ್' ಮತ್ತು 'ಗ್ಯಾಲಾಕ್ಸಿಯನ್' ಆಟಗಳ ಮೊಕದ್ದಮೆ ಬಂತು. ಮಿಡ್‌ವೇ ಕಂಪನಿಯ ಆಟಗಳನ್ನು ಹೋಲುವ, ಅವುಗಳ ವೇಗ ಹೆಚ್ಚಿಸುವ ಸರ್ಕಿಟ್ ಬೋರ್ಡುಗಳನ್ನು ಆರ್ಟಿಕ್ ಎಂಬ ಕಂಪನಿ ಮಾರುತ್ತಿತ್ತು. ಪ್ರತಿ ಸಲ ಆಡಿದಾಗಲೂ ತೆರೆಯ ಮೇಲಿನ ಚಿತ್ರಗಳು ಬೇರೆಯಾಗುತ್ತವೆ, ಬೇರೆ ಮಾಡುವವನು ಆಟಗಾರ. ಹಾಗಿದ್ದ ಮೇಲೆ ಆಟ ಮಾಡಿದವನಿಗೆ ಆ ಚಿತ್ರಗಳ ಮೇಲೆ ಎಂಥ ಕೃತಿಸ್ವಾಮ್ಯ ಎಂಬ ತೊಡಕು ಎದ್ದಿತು. ನ್ಯಾಯಾಧೀಶರು ಕೊಟ್ಟ ಉತ್ತರದಲ್ಲಿ ಒಂದು ಹೋಲಿಕೆಯಿದೆ. ಆಟ ಆಡುವುದು ಕಾದಂಬರಿ ಬರೆಯುವುದಕ್ಕಿಂತ, ಚಿತ್ರ ಬಿಡಿಸುವುದಕ್ಕಿಂತ, ಟಿವಿಯ ಚಾನೆಲ್ ಬದಲಿಸುವುದಕ್ಕೆ ಹತ್ತಿರ ಎಂದರು ಅವರು. ವಾಕ್ಯಗಳನ್ನೆಲ್ಲ ಆಟವೇ ಬರೆದಿಟ್ಟಿದೆ, ಆಟಗಾರ ಅದರಲ್ಲೊಂದನ್ನು ಆರಿಸಿಕೊಳ್ಳುತ್ತಾನೆ, ಅಷ್ಟೆ. ಮಿಡ್‌ವೇ ಗೆದ್ದಿತು.

ತೀರ್ಪು ಅಂದಿನ ಮೊಕದ್ದಮೆಗೆ ಸರಿಯೇ ಇತ್ತು. ಹೋಲಿಕೆ ಮಾತ್ರ ಮೊಕದ್ದಮೆಗಿಂತ ಹೆಚ್ಚು ಕಾಲ ಬಾಳುವಂಥದ್ದು. ಆಟಗಾರನನ್ನು ರಿಮೋಟು ಹಿಡಿದವನ ಮಟ್ಟಕ್ಕೆ ಇಳಿಸಿದರೆ ಕರ್ತೃವಿನ ಹಕ್ಕು ಭದ್ರ, ನಿಜ. ಆದರೆ ಹಾಗೆ ಇಳಿಸಿದವನ ಸುತ್ತ ಲಕ್ಷಾಂತರ ಜನ ಯಾಕೆ ಕೂರುತ್ತಾರೆ? ಚಾನೆಲ್ ಬದಲಿಸುವವನನ್ನು ನೋಡಲು ಯಾರೂ ಹೋಗುವುದಿಲ್ಲ. (ನಮ್ಮ ಮನೆಯಲ್ಲಂತೂ ಎದ್ದು ಹೋಗುತ್ತಾರೆ.)

ನನಗೆ ಇಲ್ಲಿ ನೆರವಿಗೆ ಬರುವುದು ನಮ್ಮ ನಾಟ್ಯಶಾಸ್ತ್ರದ ಹಳೆಯ ಪಟ್ಟಿ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಳಯ. ಎಂಟು ಸಾತ್ತ್ವಿಕ ಭಾವಗಳು. ಭಯಾನಕ ಆಟವನ್ನು ಆಡುವ ಯಾವುದೇ ಯೂಟ್ಯೂಬರನ ಮುಖದ ಮೇಲೆ ಹತ್ತು ನಿಮಿಷದಲ್ಲಿ ಇವುಗಳಲ್ಲಿ ಆರಾದರೂ ಹಾದುಹೋಗುತ್ತವೆ. ಆಟ ಬರೆದವನು ಕವಿಯಾದರೆ, ಒಬ್ಬನೇ ಕೂತು ಆಡುವವನು ಸಹೃದಯ. ಕ್ಯಾಮೆರಾ ಇಟ್ಟುಕೊಂಡ ಕ್ಷಣ ಈ ಸಹೃದಯ ನಟನಾಗುತ್ತಾನೆ, ನೋಡುವ ನಾವು ಹೊಸ ಸಹೃದಯರಾಗುತ್ತೇವೆ. ನನ್ನ ಅಕ್ಕನ ಮಗನಿಗೆ ಮಜಾ ಕೊಡುವುದು ಆಟವೊಂದೇ ಅಲ್ಲ. ಆಟಕ್ಕೆ ಮೈಯೊಡ್ಡಿ ನಡುಗುವ ಮನುಷ್ಯ. ಕ್ಯಾಮೆರಾದ ಎದುರಿನ ಅಳು ಎಷ್ಟು ನಿಜ ಎಂದು ಕೇಳಬಹುದು. ರಂಗದ ಮೇಲಿನ ಅಳುವಿಗೂ ಅದೇ ಪ್ರಶ್ನೆ ಕೇಳಿ ಶತಮಾನಗಳಾದವು.

ಅಂದಮೇಲೆ ಅವನಿಗೆ ಬರುವ ಹಣ ಪೂರ್ತಿ ಕದ್ದದ್ದಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಯಾರನ್ನು ಪ್ರದರ್ಶಕ ಎಂದು ಕರೆಯುತ್ತದೆ ಎಂದು ನೋಡಿದರೆ ಖುಷಿಯಾಗುತ್ತದೆ. ನಟ, ಗಾಯಕ, ವಾದಕ, ನರ್ತಕರ ಸಾಲಿನಲ್ಲಿ ಕಸರತ್ತು ಮಾಡುವವನಿದ್ದಾನೆ, ಜಾದೂಗಾರನಿದ್ದಾನೆ, ಹಾವಾಡಿಗನಿದ್ದಾನೆ, ಉಪನ್ಯಾಸ ಕೊಡುವವನಿದ್ದಾನೆ, ಕೊನೆಗೆ ಪ್ರದರ್ಶನ ನೀಡುವ ಇನ್ಯಾರೇ ಆದರೂ ಸರಿ ಎಂದಿದೆ. ಹಾವಾಡಿಗನಿಗೆ ಜಾಗವಿದ್ದಲ್ಲಿ ಗೇಮ್ ಆಡಿಸುವವನಿಗೆ ಬಾಗಿಲು ಮುಚ್ಚುವುದು ಕಷ್ಟ. ಆದರೆ ಹಾವಾಡಿಗನ ಹಾವು ಇನ್ನೊಬ್ಬರು ಬರೆದದ್ದಲ್ಲ.

ಇನ್ನೊಬ್ಬರು ಬರೆದದ್ದನ್ನು ಎದುರಿಗಿಟ್ಟುಕೊಂಡು ಆಡುವುದರ ಅತ್ಯಂತ ಹದವಾದ ಮಾದರಿ ನನ್ನ ಮಟ್ಟಿಗೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅದು ಕವಿಯದು, ಬದಲಾಗದು. ಅರ್ಥಧಾರಿ ಆ ನಾಲ್ಕು ಸಾಲಿನ ಮೇಲೆ ಅರ್ಧ ಗಂಟೆ ಮಾತು ಕಟ್ಟುತ್ತಾನೆ, ಅದು ಅವನದು, ಎಲ್ಲೂ ಬರೆದಿಟ್ಟದ್ದಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ಬಂದವರಿಗೆ ಕತೆ ಮುಂಚೆಯೇ ಗೊತ್ತಿರುತ್ತಿತ್ತು, ಬರುತ್ತಿದ್ದುದು ಅರ್ಥಕ್ಕಾಗಿ. ಒಳ್ಳೆಯ 'ಲೆಟ್ಸ್ ಪ್ಲೇ' ಇದರ ದೂರದ ನೆಂಟ. ಕೆಟ್ಟದ್ದರಲ್ಲಿ ಲೆಕ್ಕ ತಲೆಕೆಳಗು: ಎರಡು ಗಂಟೆ ಪದ್ಯ, ಹತ್ತು ವಾಕ್ಯ ಅರ್ಥ, ಅದರಲ್ಲೂ ಐದು "ಅಯ್ಯೋ, ಏನಿದು!" ಇನ್ನೊಂದು ವ್ಯತ್ಯಾಸವನ್ನೂ ಮರೆಯುವಂತಿಲ್ಲ. ಪಾರ್ತಿಸುಬ್ಬನ ಹೆಸರಿನಲ್ಲಿ ಹಾಡುವ ಪದ್ಯಕ್ಕೆ ಇಂದು ಯಾರೂ ಗೌರವಧನ ಕಾಯುತ್ತಿಲ್ಲ. ರಯಾನ್ ಗ್ರೀನ್ ಸಾಲ ತೀರಿಸುತ್ತಿದ್ದರು.

ಯಕ್ಷಗಾನದ ಮಾತು ಬಂದದ್ದರಿಂದ ಒಂದು ಅಡ್ಡದಾರಿ. ಪ್ರದರ್ಶನದ ಒಡೆತನದ ಪ್ರಶ್ನೆ ನಮ್ಮ ಕರಾವಳಿಯಿಂದಲೇ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆ 'ಯಕ್ಷರಂಗ'. ಅವರು ತೀರಿಕೊಂಡ ಮೇಲೆ, 2001ರಲ್ಲಿ, ಮಣಿಪಾಲದ ಸಂಸ್ಥೆಯೊಂದರ ತಂಡ ದೆಹಲಿಯಲ್ಲಿ ಆ ರೂಪದ ಅಭಿಮನ್ಯು ಪ್ರಸಂಗವನ್ನು ಆಡಿತು. ಕಾರಂತರ ಉಯಿಲಿನ ಮೂಲಕ ಹಕ್ಕು ಪಡೆದವರು ದಾವೆ ಹೂಡಿದರು. 2009ರಲ್ಲಿ ಸುಪ್ರೀಂ ಕೋರ್ಟು ಆ ಬ್ಯಾಲೆಯನ್ನು ನಾಟಕ ಕೃತಿಯೆಂದು ಪರಿಗಣಿಸಿ ಹಕ್ಕುದಾರರ ಪರವಾಗಿ ನಿಂತಿತು. ಆದರೆ ಕಾಯ್ದೆಯ 52ನೇ ಸೆಕ್ಷನ್ ಕೊಡುವ ವಿನಾಯಿತಿಗಳು ಸಂಸ್ಥೆಗೂ ಉಳಿದಿವೆ ಎಂದು ಸೇರಿಸಿತು. ಅಭಿಮನ್ಯುವಿನ ಕತೆ ಯಾರದೂ ಅಲ್ಲ. ಅದನ್ನು ಆಡಿಸಿದ ಬಗೆ ಒಬ್ಬರದಾಗಬಹುದು. 1983ರ ಆ ಚಾನೆಲ್ ಹೋಲಿಕೆಗಿಂತ ಇದು ಕಲೆಗೆ ಹತ್ತಿರದ ತಿಳಿವಳಿಕೆ.

ಮಾತಿಲ್ಲದೆ ಎತ್ತಿ ಹಾಕುವುದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಜಪಾನಿನ ಒಂದು ಪ್ರಕರಣವಿದೆ. 'ಸ್ಟೈನ್ಸ್ ಗೇಟ್' ಸರಣಿಯ ಒಂದು ಆಟವನ್ನು ಕೊನೆಯ ಭಾಗವೂ ಸೇರಿದಂತೆ ಯೂಟ್ಯೂಬಿಗೆ ಹಾಕಿ ಜಾಹೀರಾತಿನಿಂದ ಹಣ ಮಾಡಿದವನನ್ನು 2023ರ ಮೇ ತಿಂಗಳಲ್ಲಿ ಬಂಧಿಸಲಾಯಿತು. ಸೆಪ್ಟೆಂಬರಿನಲ್ಲಿ ಸೆಂದಾಯ್ ಜಿಲ್ಲಾ ನ್ಯಾಯಾಲಯ ಎರಡು ವರ್ಷ ಜೈಲು, ಐದು ವರ್ಷ ಅದರ ಅಮಾನತು, ಜೊತೆಗೆ ಹತ್ತು ಲಕ್ಷ ಯೆನ್ ದಂಡ ವಿಧಿಸಿತು. ಅನಿಮೆಗಳನ್ನು ಕತ್ತರಿಸಿ ಕತೆ ಹೇಳಿದ ವಿಡಿಯೋಗಳೂ ಅದರಲ್ಲಿ ಸೇರಿದ್ದವು. (ಸಿನಿಮಾದ ಇಡೀ ಕತೆಯನ್ನು ಹತ್ತು ನಿಮಿಷಕ್ಕೆ ಹಿಂಡಿ ಹೇಳುವ ಕನ್ನಡದ ವಿಡಿಯೋಗಳನ್ನು ನಾವೂ ಊಟದ ಹೊತ್ತಿಗೆ ನೋಡುವವರೇ.) ಶಿಕ್ಷೆ ಅತಿಯಾಯಿತೆಂದು ನನಗೂ ಅನ್ನಿಸುತ್ತದೆ. ಆದರೆ ಆಟದ ಬಗೆಯನ್ನು ಗಮನಿಸಿ. ಇದು 'ವಿಷುವಲ್ ನಾವೆಲ್', ಹೆಸರೇ ಹೇಳುವಂತೆ ಕಾದಂಬರಿ. ಚಿತ್ರದ ಕೆಳಗೆ ಸಾಲು ಬರುತ್ತದೆ, ಓದಿ ಒತ್ತಿದರೆ ಇನ್ನೊಂದು ಸಾಲು. ಇದನ್ನು ಕೊನೆತನಕ ಚಿತ್ರೀಕರಿಸುವುದೆಂದರೆ ಈಗಿನ ಲೇಖಕರೊಬ್ಬರ ಕಾದಂಬರಿಯ ಪುಟಗಳನ್ನು ಒಂದೊಂದಾಗಿ ಕ್ಯಾಮೆರಾಕ್ಕೆ ಹಿಡಿದಂತೆ. ಹಾಗೆ ಮಾಡಿದರೆ ನಮ್ಮ ಯಾವ ಪ್ರಕಾಶಕರು ಸುಮ್ಮನಿದ್ದಾರು?

ಹಾಗೆಂದು ಬೀಗದ ಕೈಯನ್ನು ಪೂರ್ತಿಯಾಗಿ ಹಕ್ಕುದಾರರಿಗೆ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. ನಿಂಟೆಂಡೊ 2013ರಲ್ಲಿ ತನ್ನ ಆಟಗಳ ವಿಡಿಯೋಗಳ ಜಾಹೀರಾತಿನ ಹಣವನ್ನೆಲ್ಲ ತನ್ನತ್ತ ತಿರುಗಿಸಿಕೊಳ್ಳತೊಡಗಿತು. 2015ರಲ್ಲಿ ಒಂದು ಯೋಜನೆ ತಂದು, ನೋಂದಾಯಿಸಿಕೊಂಡವರಿಗೆ ಶೇ. 60 ಇಲ್ಲವೇ 70ರಷ್ಟು ಪಾಲು ಎಂದಿತು, 2018ರ ಕೊನೆಗೆ ಅದನ್ನೂ ಕೈಬಿಟ್ಟು ನಿಯಮಗಳ ಪಟ್ಟಿ ಕೊಟ್ಟಿತು. ಆ ಪಟ್ಟಿ ಬಯಸುವುದೂ ಗ್ರೀನ್ ಕೇಳಿದ್ದನ್ನೇ: ಬರಿಯ ನಕಲು ಬೇಡ, ನಿಮ್ಮದೇನಾದರೂ ಇರಲಿ. 'ಪರ್ಸೋನಾ 5' ಆಟದ ಕಂಪನಿಯಾದ ಅಟ್ಲಸ್ 2017ರಲ್ಲಿ ಕತೆಯ ಇಂಥ ತಾರೀಖಿನಾಚೆ ತೋರಿಸಬೇಡಿ ಎಂದು ಬೆದರಿಸಿ, ಜನ ರೇಗಿದ ಮೇಲೆ ಆ ತಾರೀಖನ್ನು ಮುಂದೂಡಿತು. ಅದೇ ವರ್ಷ, ಪ್ಯೂಡಿಪೈ ಎಂಬ ಪ್ರಖ್ಯಾತ ಯೂಟ್ಯೂಬರ್ ಬೇರಾವುದೋ ಆಟದ ನೇರಪ್ರಸಾರದಲ್ಲಿ ಜನಾಂಗೀಯ ಬೈಗುಳ ಆಡಿದಾಗ, 'ಫೈರ್‌ವಾಚ್' ಆಟ ಮಾಡಿದ ಕ್ಯಾಂಪೊ ಸ್ಯಾಂಟೊ ತಂಡ ಅವನ ಹಳೆಯ 'ಫೈರ್‌ವಾಚ್' ವಿಡಿಯೋವನ್ನು ಕಾಪಿರೈಟಿನ ಬಲದಿಂದ ತೆಗೆಸಲು ಮುಂದಾಯಿತು. ಬೈಗುಳವನ್ನು ಯಾರೂ ಸಮರ್ಥಿಸಲಾರರು, ನಾನಂತೂ ಅಲ್ಲ. ಆದರೆ ಕೃತಿಸ್ವಾಮ್ಯ ನಡತೆ ತಿದ್ದುವ ಬೆತ್ತವಾದರೆ ನಾಳೆ ಅದು ನೆಗೆಟಿವ್ ವಿಮರ್ಶೆ ಬರೆದವರ ಬೆನ್ನಿಗೂ ಬಂದೀತು. ಅನುಮತಿಯ ಮೇಲೆ ನಿಂತ ವಿಮರ್ಶೆಗೆ ಬೆನ್ನುಮೂಳೆ ಎಲ್ಲಿಂದ ಬರಬೇಕು?

ಈ ಎರಡು ಭಯಗಳ ನಡುವೆ ನಡೆಯಲು ನೆರವಾಗುವ ತೀರ್ಪೊಂದು ನಮ್ಮ ಪಕ್ಕದ ಕೇರಳದಲ್ಲಿದೆ. ತೋಪ್ಪಿಲ್ ಭಾಸಿಯವರ 'ನಿಂಙಳೆನ್ನೆ ಕಮ್ಯೂನಿಸ್ಟಾಕ್ಕಿ' 1952ರ ಹೆಸರಾಂತ ಮಲಯಾಳಂ ನಾಟಕ. ದಶಕಗಳ ಮೇಲೆ ಸಿವಿಕ್ ಚಂದ್ರನ್ ಅದಕ್ಕೊಂದು ಪ್ರತಿನಾಟಕ ಬರೆದರು. ಅವೇ ಪಾತ್ರಗಳು, ಎಷ್ಟೋ ಕಡೆ ಅದೇ ಮಾತುಗಳು, ಆದರೆ ಉದ್ದೇಶ ಮೂಲವನ್ನು ಪ್ರಶ್ನಿಸುವುದು. ಮೊಕದ್ದಮೆ ನಡೆದು 1996ರಲ್ಲಿ ಕೇರಳ ಹೈಕೋರ್ಟು ಸಿವಿಕ್ ಚಂದ್ರನ್ ಪರವಾಗಿ ತೀರ್ಪು ಕೊಟ್ಟಿತು. ಕೋರ್ಟು ತೂಗಿದ್ದು ಮೂರು ಸಂಗತಿಗಳನ್ನು: ವಿಮರ್ಶೆಗೆ ಹೋಲಿಸಿದರೆ ಎತ್ತಿಕೊಂಡದ್ದರ ಪ್ರಮಾಣ ಮತ್ತು ಬೆಲೆ ಎಷ್ಟು, ಎತ್ತಿಕೊಂಡದ್ದು ಯಾಕೆ, ಎರಡು ಕೃತಿಗಳೂ ಒಂದರ ಜಾಗಕ್ಕೆ ಇನ್ನೊಂದು ಬಂದು ಪೈಪೋಟಿ ನಡೆಸುತ್ತವೆಯೇ. ಪ್ರತಿನಾಟಕ ನೋಡಿದವರಿಗೆ ಮೂಲ ನಾಟಕ ನೋಡಿದಂತಾಗುವುದಿಲ್ಲ. ಬದಲಿಗೆ ಮೂಲವನ್ನು ಹುಡುಕುವಂತಾಗುತ್ತದೆ. ಅಮೆರಿಕದಲ್ಲಿ 2017ರಲ್ಲಿ ಯೂಟ್ಯೂಬಿನ ಪ್ರತಿಕ್ರಿಯೆ ವಿಡಿಯೋವೊಂದರ ಮೊಕದ್ದಮೆಯಲ್ಲಿ ನ್ಯಾಯಾಧೀಶೆ ಕ್ಯಾಥರೀನ್ ಫಾರೆಸ್ಟ್ ಎಳೆದ ಗೆರೆಯೂ ಇಲ್ಲಿಗೆ ಹತ್ತಿರದ್ದೇ. ಮೂಲವನ್ನು ತುಂಡು ತುಂಡಾಗಿ ನಿಲ್ಲಿಸಿ ಮಾತನಾಡಿದ್ದು ನ್ಯಾಯಬದ್ಧ ಬಳಕೆ. ಆದರೆ ಕೆಲವು ವಿಡಿಯೋಗಳು ಟೀಕೆಯೇ ಇಲ್ಲದ ಸಾಮೂಹಿಕ ವೀಕ್ಷಣೆಯಂತಿರುತ್ತವೆ, ಅವುಗಳ ಮಾತು ಬೇರೆ ಎಂದರು.

ನಾನು ಅಂದು ನೋಡಿದ್ದು ಈ ಎರಡನೆಯ ಬಗೆಯದು. ಆ ಯುವಕ ಒಳ್ಳೆಯವನೇ, ಅವನ ಕಣ್ಣೀರು ನಾಟಕವಲ್ಲ ಎಂದೇ ಈಗಲೂ ನಂಬಿದ್ದೇನೆ. ಆದರೆ ಅವನು ಹೆಚ್ಚು ಮಾತನಾಡಲಿಲ್ಲ. ವಿಷಯ ಅಂಥದ್ದು, ಮಾತನಾಡುವುದು ಅಸಭ್ಯವೆನಿಸಿರಬೇಕು. ಅವನ ಆ ಸಭ್ಯತೆಯೇ ವಿಡಿಯೋವನ್ನು ಪೂರ್ತಿ ನಕಲಾಗಿಸಿತು ಎಂಬುದು ಇಲ್ಲಿನ ವಿಚಿತ್ರ. ಹರಟೆಮಲ್ಲನೊಬ್ಬ ಆಡಿದ್ದರೆ ಗ್ರೀನ್ ಅವರಿಗೆ ಅಷ್ಟು ನಷ್ಟವಾಗುತ್ತಿರಲಿಲ್ಲವೇನೋ. ಕಾನೂನಿನ ತಕ್ಕಡಿ ಮಾತನ್ನು ತೂಗುತ್ತದೆ, ಮೌನವನ್ನು ತೂಗಲು ಅದಕ್ಕೆ ಕಲ್ಲುಗಳಿಲ್ಲ.

ಆಮೇಲೆ ಆಟವನ್ನು ಕೊಂಡೆ. ಪಾಪಪ್ರಜ್ಞೆಯಿಂದಲೇ ಕೊಂಡದ್ದು, ಗೊತ್ತಿರುವ ಕತೆಯಲ್ಲಿ ಹೊಸತೇನೂ ಇರಲಾರದು ಎಂದುಕೊಂಡೇ ಕೂತೆ. ಆಸ್ಪತ್ರೆಯ ಒಂದು ಭಾಗದಲ್ಲಿ ಎಲ್ಲೆಂದರಲ್ಲಿ ಕಾರ್ಡುಗಳಿವೆ. ಕ್ಯಾನ್ಸರಿನಿಂದ ತಮ್ಮವರನ್ನು ಕಳೆದುಕೊಂಡ ನಿಜವಾದ ಮನೆಗಳವರು ಕಳಿಸಿದ ಬರಹಗಳು, ಚಿತ್ರಗಳು. ವಿಡಿಯೋದಲ್ಲಿ ಆ ಯುವಕ ನಾಲ್ಕೈದನ್ನು ಓದಿ ಮುಂದೆ ನಡೆದಿದ್ದ. ಅವನು ತಿರುಗಿದತ್ತಲೇ ನನ್ನ ಕಣ್ಣೂ ತಿರುಗಿತ್ತು. ಈಗ ಹೊರಡುವ ಹೊತ್ತನ್ನು ನಾನೇ ನಿರ್ಧರಿಸಬೇಕಾಗಿತ್ತು. ಒಂದೊಂದನ್ನೇ ಓದುತ್ತಾ ಹೋದೆ. ಓದದೆ ಬಿಟ್ಟ ಕಾರ್ಡಿನತ್ತ ಬೆನ್ನು ಮಾಡುವುದು ಸಾಧ್ಯವಾಗಲಿಲ್ಲ. ಅದರಲ್ಲೇ ಮುಕ್ಕಾಲು ಗಂಟೆ ಹೋಯಿತು.

ಆ ರಾತ್ರಿಯ ಕೋಣೆಯೂ ಬಂತು. ವಿಡಿಯೋ ನೋಡುವಾಗ ನಾನು ಅವನಿಗಾಗಿ ಕಾದಿದ್ದೆ, ಅವನು ಏನಾದರೂ ದಾರಿ ಕಂಡುಹಿಡಿದಾನು ಎಂದು. ಇಲ್ಲಿ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ತಂದೆ ಸೋತು ಕೂತು ಪ್ರಾರ್ಥಿಸುವವರೆಗೆ ಅಳು ನಿಲ್ಲುವುದಿಲ್ಲವೆಂದೂ ಗೊತ್ತಿತ್ತು. ಆದರೂ ಜ್ಯೂಸಿನತ್ತ ಒತ್ತಿದೆ, ಕುರ್ಚಿಯತ್ತ ಒತ್ತಿದೆ, ಮತ್ತೆ ಜ್ಯೂಸಿನತ್ತ. ಪಕ್ಕದ ಕೋಣೆಯಿಂದ ಅಕ್ಕ, "ಯಾವ ಮಗುವೋ ಅದು, ಅಷ್ಟು ಅಳ್ತಿರೋದು?" ಎಂದು ಕೂಗಿ ಕೇಳಿದಳು. ದನಿ ಕಡಿಮೆ ಮಾಡಲು ಕೈ ಹೋಯಿತು, ಮಾಡಲಿಲ್ಲ.